ಆಯುಧಪೂಜೆಯಿಂದ ನಮ್ಮ ಬಾಗಿಲಲ್ಲೇ ನಿಂತಿರುವ ಜೆಸಿಬಿಯವರಿಗೆ

ಮಾನ್ಯ ಜೆಸಿಬಿಯವರ ಹಳದಿ ಸನ್ನಿಧಾನಕ್ಕೆ, ಡೊಂಬಿವಲಿ ಪೂರ್ವದ ಅಂಚಿನಲ್ಲಿರುವ ಹೋಟೆಲ್ ನಂದಿನಿಯ ಮಾಲೀಕ ಮುಂಡಪ್ಪ ಶೆಟ್ಟಿ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ, ತಾವು ಕ್ಷೇಮವೇ ಎಂದು ನಾನು ಕೇಳಬೇಕಾಗಿಲ್ಲ. ಗಲ್ಲಾದಲ್ಲಿ ಕುಳಿತು ತಲೆ ಎತ್ತಿದರೆ ಎದುರಿಗೆ ತಾವೇ ಇರುತ್ತೀರಿ. ತಾವು ಬಂದದ್ದು ನಮ್ಮ ಹೋಟೆಲಿನ ಮುಂದಿನ ಶೀಟಿನ ಮಾಡನ್ನು, ಅಂದರೆ ಚಾವಣಿಯನ್ನು, ಮುರಿಯಲು. ಬಂದವರು ಮುರಿಯಲೂ ಇಲ್ಲ, ಹೋಗಲೂ ಇಲ್ಲ. ಇದೇ ನನ್ನ ದೂರು. ನೆಂಟರಾದರೂ ಮೂರು ದಿನಕ್ಕೆ ಊರಿನ ಬಸ್ಸಿನ ಹೊತ್ತು ವಿಚಾರಿಸುತ್ತಾರೆ, ತಾವು ದೀಪಾವಳಿಯನ್ನೂ ನಮ್ಮಲ್ಲೇ ಮುಗಿಸಿದ್ದೀರಿ.

ತಮಗೆ ನನ್ನ ಪೂರ್ವಾಪರ ಗೊತ್ತಿರಲಾರದು. ನಾನು ಕಾರ್ಕಳದ ಕಡೆಯವನು. ಜೀವನದಲ್ಲಿ ಊರು ಬಿಟ್ಟದ್ದು ಒಂದೇ ಸಲ, ಬಂದು ಕುಳಿತದ್ದು ಒಂದೇ ಜಾಗದಲ್ಲಿ. ನಾನು ಬಂದಾಗ ಈ ಹಳ್ಳಿ ಪಾಲಿಕೆಯೊಳಗಿತ್ತು. ಎರಡು ಸಾವಿರದ ಎರಡರಲ್ಲಿ ಸರ್ಕಾರ ಅದನ್ನು ಪಾಲಿಕೆಯಿಂದ ತೆಗೆದು ಪಂಚಾಯಿತಿಗೆ ಕೊಟ್ಟಿತು. ಎರಡು ಸಾವಿರದ ಹದಿನೈದರಲ್ಲಿ ಪಂಚಾಯಿತಿಯಿಂದ ಎತ್ತಿ ಮತ್ತೆ ಪಾಲಿಕೆಗೆ ಹಾಕಿತು. ಈಗ ಪುನಃ ಹೊರಗೆ ತೆಗೆಯಬೇಕೆಂದು ಮೋರ್ಚಾ ನಡೆಯುತ್ತಿದೆ. ಕಾರ್ಕಳದಲ್ಲಿ ನನ್ನನ್ನು ವಲಸೆ ಹೋದವನು ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನಾನು ಕುರ್ಚಿಯಲ್ಲೇ ಕುಳಿತಿದ್ದೇನೆ, ವಲಸೆ ಹೋಗುತ್ತಿರುವುದು ಊರು.

ಈ ಒಳಗೆ ಹೊರಗೆ ಆಟದ ನಡುವೆ, ಪಂಚಾಯಿತಿಯ ಕಾಲದಲ್ಲಿ, ಸರಪಂಚರ ಒಪ್ಪಿಗೆ ಪಡೆದು, ಅವರಿಂದಲೇ ತೆಂಗಿನಕಾಯಿ ಒಡೆಸಿ ಹಾಕಿಸಿದ್ದು ಆ ಮಾಡು. ಸ್ಟೇಷನ್ನಿನ ರಿಕ್ಷಾ ಹಿಡಿಯುವವರು ನಿಂತುಕೊಂಡೇ ಚಹಾ ಕುಡಿಯುವುದು ಅದರ ಕೆಳಗೆ. ಹೋಟೆಲಿನ ಹೊಟ್ಟೆ ತುಂಬುವುದೇ ಆ ನಿಂತ ಗಿರಾಕಿಗಳಿಂದ. ಮಾಡು ಹೋದರೆ ಉಳಿಯುವುದು ಒಂದು ಅಡುಗೆಮನೆ, ನಾಲ್ಕು ಮೇಜು ಮತ್ತು ನಾನು. ಪಂಚಾಯಿತಿಗೆ ಸಕ್ರಮವಾಗಿದ್ದ ಶೀಟು ಪಾಲಿಕೆಯ ಕಣ್ಣಿಗೆ ಅಕ್ರಮವಾಗಿ ಕಂಡಿತು. ಶೀಟು ಅದೇ, ಮೊಳೆ ಅದೇ, ಸೋರುವ ತೂತು ಕೂಡ ಅದೇ.

ಹಾಗೆ ತಾವು ನವಮಿಯ ಹಿಂದಿನ ಸಂಜೆ ಆಗಮಿಸಿದಿರಿ. ಬೆಳಿಗ್ಗೆ ಕೆಲಸ ಎಂದು ಹೇಳಿ, ಚಾಲಕ ಶಂಭು ತಮ್ಮನ್ನು ನಮ್ಮ ಮಾಡಿನ ಮೂಗಿಗೇ ತಂದು ನಿಲ್ಲಿಸಿ ಹೋದ. ನಾನು ಆ ರಾತ್ರಿ ಮೂರು ಸಲ ಎದ್ದು ಮಾಡನ್ನು ನೋಡಿ ಬಂದೆ. ಆದರೆ ನನ್ನ ಹೆಂಡತಿ ಜಯಲತಾಳಿಗೆ ಹೆದರಿಕೆಗಿಂತ ಹಬ್ಬ ದೊಡ್ಡದು. ಬೆಳಗಾಗುವಷ್ಟರಲ್ಲಿ ಗ್ರೈಂಡರ್, ಒಲೆ, ಈಳಿಗೆಮಣೆ, ಸ್ಕೂಟರ್ ಎಲ್ಲದಕ್ಕೂ ಕುಂಕುಮ ಹಚ್ಚಿ, ಹೂ ಉಳಿದಿದೆಯೆಂದು ಹೊರಗೆ ಬಂದು, ತಮ್ಮ ಹಣೆಗೂ ಹಚ್ಚಿಬಿಟ್ಟಳು. ನಾನು ಗದರಿದೆ. "ಎಂತ ಮಾರಾಯ್ರೆ ನೀವು, ಹಬ್ಬದ ದಿನ ಬಾಗಿಲಿಗೆ ಬಂದ ಗಾಡಿಯನ್ನು ಬೋಳು ಹಣೆಯಲ್ಲಿ ನಿಲ್ಲಿಸುವುದಾ?" ಅಂದಳು. ತಮ್ಮ ಕೊರಳಿಗೆ ಸೇವಂತಿಗೆ ಮಾಲೆ, ಚಕ್ರದಡಿ ನಿಂಬೆಹಣ್ಣು, ಕೊನೆಗೆ ನಮ್ಮ ಕಂಬದಿಂದ ತಮ್ಮ ತೋಳಿಗೆ ಒಂದು ಮಾವಿನೆಲೆಯ ತೋರಣ!

ಶಂಭು ಬಂದು ನೋಡಿ ಚಪ್ಪಲಿ ಕಳಚಿದ. ಅವನು ವಿಜಯಪುರದ ಕಡೆಯವನು. "ಅಕ್ಕಾರ, ಪೂಜಿ ಮಾಡಿದ ಗಾಡಿ ಇವತ್ತ ಮುಟ್ಟೂದಿಲ್ರೀ. ಅದೂ ಮುರಿಯೂ ಕೆಲಸಕ್ಕ? ನನ್ನ ಕೈಲೆ ಆಗೂದಿಲ್ರೀ" ಅಂದ. ಅತಿಕ್ರಮಣ ವಿಭಾಗದ ಸಾಹೇಬರು ಸಿಟ್ಟಿನಿಂದಲೇ ಜೀಪಿನಿಂದ ಇಳಿದರು. ತಮ್ಮ ಹಣೆಯ ಕುಂಕುಮ ಕಂಡು "ಅರೇ, ಆಜ್ ಖಂಡೇನವಮಿ!" ಎಂದು ಮರಾಠಿಗರ ಆಯುಧಪೂಜೆಯನ್ನು ನೆನೆಸಿಕೊಂಡು, ತಮಗೆ ಕೈ ಮುಗಿದು, ನಮ್ಮಲ್ಲಿ ಅವಲಕ್ಕಿ ತಿಂದು, ದಸರೆ ಕಳೆಯಲಿ ಎಂದು ಹೋದರು. ದಸರೆ ಕಳೆಯಿತು. ಅಷ್ಟರಲ್ಲಿ ನಮ್ಮಂಥ ಹಳ್ಳಿಗಳನ್ನು ಪಾಲಿಕೆಯಿಂದ ಹೊರಗೆ ಬಿಡುವ ಮಾತು ಮುಂಬಯಿಯಲ್ಲಿ ಜೋರಾಯಿತು. ನಾಳೆ ಯಾರದೋ ಆಗುವ ಊರಿನಲ್ಲಿ ಇಂದು ಮುರಿಯಲು ಯಾರು ಸಹಿ ಹಾಕುತ್ತಾರೆ? ತಮ್ಮನ್ನು ಮರಳಿ ಒಯ್ಯಲೂ ಸಹಿ ಬೇಕಂತೆ. ಅದನ್ನೂ ಯಾರೂ ಹಾಕಲಿಲ್ಲ.

ಅಂದಿನಿಂದ ತಮ್ಮ ಸಂಸಾರ ನಮ್ಮ ಬಾಗಿಲಲ್ಲಿ. ತಮ್ಮ ನೆರಳಿನಲ್ಲಿ ಸೊಪ್ಪಿನವಳು ಬುಟ್ಟಿ ಇಟ್ಟಿದ್ದಾಳೆ. ಶುಕ್ರವಾರ ಜಯಲತಾ ಊದಿನಕಡ್ಡಿ ಹಚ್ಚುತ್ತಾಳೆ. ಇಲ್ಲೇ ಹುಟ್ಟಿ ಬೆಳೆದು, ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರಿಸುವ ನನ್ನ ಮಗಳು ನಿಶ್ಮಿತಾ, "ಪಪ್ಪಾ, ಆತಾ ತೀ ಆಪ್ಲೀಚ್" ಎಂದು, ಇನ್ನು ಅದು ನಮ್ಮದೇ ಎಂದು, ತೀರ್ಪು ಕೊಟ್ಟಿದ್ದಾಳೆ. ತಮ್ಮನ್ನು ಕಾಯುವ ಕೆಲಸದಲ್ಲಿರುವ ಶಂಭು ಎರಡು ಹೊತ್ತು ನಮ್ಮಲ್ಲೇ ಊಟ ಮಾಡುತ್ತಾನೆ. ಮೊನ್ನೆ ಸಾರು ಕಲಸುತ್ತ, "ಮುಂಬ್ರಾದಾಗ ನಾವಿರೂ ಬಿಲ್ಡಿಂಗಿಗೂ ನೋಟಿಸ್ ಹಚ್ಯಾರ್ರೀ ಅಣ್ಣಾರ. ಅಲ್ಲಿಗೂ ನನ್ನ ಗಾಡೀನ ಕಳಸ್ತಾರೇನೋ" ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಆದ್ದರಿಂದ ಮಾನ್ಯರೇ, ತಮ್ಮ ತಾಳ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ಸರ್ಕಾರದ ಕೈಗಳಲ್ಲಿ ಎತ್ತಿದ ಮೇಲೂ ಯಾರಿಗೂ ಪೆಟ್ಟು ಕೊಡದ ಕೈ ನಾನು ಕಂಡಂತೆ ತಮ್ಮದೊಂದೇ. ಆದರೂ ಎರಡು ವಿನಂತಿಗಳಿವೆ. ದಯವಿಟ್ಟು ಅರ್ಧ ಅಡಿ ಎಡಕ್ಕೆ ಸರಿಯಬೇಕು, ಕಾಯಿದೆಯ ಪ್ರಕಾರ ಮರಾಠಿಯಲ್ಲಿ ದೊಡ್ಡದಾಗಿ ಬರೆಸಿದ ನಮ್ಮ ಬೋರ್ಡು ತಮ್ಮ ಹಿಂದೆ ಅಡಗಿದೆ. ಮುರಿಯುವ ಆಜ್ಞೆ ಬಂದೇ ಬಂದರೆ, ಸೂರ್ಯ ನೇರ ನೆತ್ತಿಯ ಮೇಲಿರುವಾಗ ಶೀಟನ್ನು ಮಾತ್ರ ಮುರಿದು, ಅದರ ನೆರಳನ್ನು ಗಿರಾಕಿಗಳಿಗಾಗಿ ಇದ್ದಲ್ಲೇ ಬಿಟ್ಟು ಹೋಗಬೇಕು.

ಇಷ್ಟು ಬರೆದು, ತಾವು ಕೂಡಲೇ ತೊಲಗಬೇಕು ಎಂದು ಮುಗಿಸುವವನಿದ್ದೆ. ಅಷ್ಟರಲ್ಲಿ ನಿನ್ನೆ ಅಕಾಲದ ಮಳೆಗಾಳಿ ಬೀಸಿ ಮಾಡಿನ ಮುಂಗಂಬ ಬುಡದಲ್ಲೇ ಮುರಿಯಿತು. ಹೊಸ ಕಂಬ ನೆಡಲು ಪರವಾನಗಿ ಬೇಕು, ಅದನ್ನು ಕೊಡುವವರು ಯಾರೆಂದು ಯಾರಿಗೂ ಗೊತ್ತಿಲ್ಲ. ಚಹಾ ಕುಡಿಯುತ್ತಿದ್ದವರೆಲ್ಲ ಗ್ಲಾಸು ಬಿಟ್ಟು ಶೀಟು ಹಿಡಿದರು. ಶಂಭು ಓಡಿ ಹೋಗಿ, ಯಾವ ಸಹಿಯನ್ನೂ ಕೇಳದೆ, ತಮ್ಮ ತೋಳನ್ನು ಮೆಲ್ಲಗೆ ಎತ್ತಿ ಮಾಡಿನ ಅಡಿಗೆ ಕೊಟ್ಟ. ಮಾಡು ನಿಂತಿತು. ಈಗ ನಮ್ಮ ಹೋಟೆಲಿನ ಮುಂಗಂಬ ತಾವೇ.

ಆದಕಾರಣ ಮೇಲಿನ ದೂರನ್ನೆಲ್ಲ ಹಿಂದೆ ತೆಗೆದುಕೊಂಡಿದ್ದೇನೆ. ತಾವು ಮುರಿದರೂ ನಮ್ಮ ಮಾಡು ಬೀಳುತ್ತದೆ, ಮುರಿಯದೆ ಇಲ್ಲಿಂದ ಹೊರಟುಹೋದರೂ ಬೀಳುತ್ತದೆ. ದಯವಿಟ್ಟು ಅಲ್ಲಾಡಬೇಡಿ.

ತಮ್ಮ ತೋಳಿನ ಕೆಳಗೆ ಚಹಾ ಮಾರುತ್ತಿರುವ, ತಮ್ಮ ವಿಶ್ವಾಸಿ,
ಮುಂಡಪ್ಪ ಶೆಟ್ಟಿ
ಹೋಟೆಲ್ ನಂದಿನಿ, ಡೊಂಬಿವಲಿ ಪೂರ್ವ (ಸದ್ಯಕ್ಕೆ)

ತಾ.ಕ.: ಊರು ಮತ್ತೆ ಪಾಲಿಕೆಯಿಂದ ಹೊರಗೆ ಹೋದರೆ, ಪರವಾನಗಿಯಿಲ್ಲದೆ ಪಂಚಾಯಿತಿಯ ರಸ್ತೆಯಲ್ಲಿ ನೆಲೆಯೂರಿದ ಅತಿಕ್ರಮಣ ತಾವೇ ಆಗುತ್ತೀರಿ. ತಮ್ಮನ್ನು ತೆರವುಗೊಳಿಸಲು ಪಂಚಾಯಿತಿಯ ಬಳಿ ಜೆಸಿಬಿ ಇಲ್ಲವಾದ್ದರಿಂದ, ಹಳೆಯ ಸರಪಂಚರು ತಮ್ಮನ್ನೇ ಒಂದು ದಿನದ ಮಟ್ಟಿಗೆ ಎರವಲು ಕೇಳುವವರಿದ್ದಾರೆ. ಹೆದರಬೇಡಿ. ಅಂದು ಜಯಲತಾಳಿಗೆ ಹೇಳಿ ತಮಗೆ ಇನ್ನೊಮ್ಮೆ ಕುಂಕುಮ ಹಚ್ಚಿಸುತ್ತೇನೆ.