ಮಗಳ ಎಡಗಿವಿ

ನನಗೆ ಪಿಸುಗುಟ್ಟಲು ಬರುವುದಿಲ್ಲ. ದೆಹಲಿಯಲ್ಲಿ ಬಹಳ ಕಾಲ ಸಂಸಾರ ಮಾಡಿದ ಕನ್ನಡಿಗರಿಗೆಲ್ಲ ಹೀಗೇ ಆಗುತ್ತದೆಂಬುದು ನನ್ನ ವಾದ. ಊರಿನಲ್ಲಿ ಪಕ್ಕದ ಮನೆಯವರ ಬಗ್ಗೆ ಒಂದು ಮಾತಾಡಬೇಕಾದರೂ ಕಿಟಕಿ ಮುಚ್ಚಬೇಕು, ದನಿ ತಗ್ಗಿಸಬೇಕು. ಇಲ್ಲಿ ಆ ಗೊಡವೆಯೇ ಇಲ್ಲ, ಕನ್ನಡಕ್ಕೆ ಹೊರಳಿದರೆ ಮುಗಿಯಿತು. ಮಯೂರ್ ವಿಹಾರದ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಅಧ್ಯಕ್ಷರ ಪಕ್ಕದಲ್ಲೇ ನಿಂತು ಅವರ ಟೋಪನ್ನಿನ ಬಗ್ಗೆ ನಾನೂ ನನ್ನ ಹೆಂಡತಿ ಶೈಲಜಳೂ ಕೂಲಂಕಷವಾಗಿ ಚರ್ಚಿಸಿದ್ದೇವೆ. ಅವರು ಮುಗುಳ್ನಕ್ಕು, ನಮಸ್ತೆ ಹೇಳಿ ಇಳಿದುಹೋಗಿದ್ದಾರೆ. ತರಕಾರಿ ಗಾಡಿಯ ಎದುರಿಗೇ "ಬದನೆಕಾಯಿ ಹುಳುಕು, ಮುಟ್ಟಬೇಡ" ಎನ್ನುತ್ತೇವೆ. ವರ್ಷಗಟ್ಟಲೆ ಕೇಳಿದ ಆ ಗಾಡಿಯವನು ಮಾತ್ರ ಈಗೀಗ ನಮ್ಮನ್ನು ಕಂಡೊಡನೆ "ಆಜ್ ಹುಳುಕು ನಹೀ ಹೈ, ಅಂಕಲ್" ಎನ್ನತೊಡಗಿದ್ದಾನೆ. ಅದರಿಂದಲಾದರೂ ನಾನು ಬುದ್ಧಿ ಕಲಿಯಬೇಕಿತ್ತು.

ಈ ಪಿಸುಮಾತಿನ ಪ್ರಸಂಗ ಎದ್ದದ್ದು ನಮ್ಮ ಒಬ್ಬಳೇ ಮಗಳು ನಿಧಿ ಪೈಲಟ್ ಆಗುತ್ತೇನೆಂದು ಹೊರಟಾಗ. ನಾನೋ, ವಿಮಾನದಲ್ಲಿ ಕೂತರೆ ಇಳಿಯುವವರೆಗೂ ಎರಡೂ ಕೈಯಲ್ಲಿ ಸೀಟನ್ನು ಹಿಡಿದುಕೊಂಡಿರುವವನು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಆ ಸೀಟನ್ನು ಬಿಟ್ಟು ಮುಂದಿನ ಸೀಟಿಗೇ ಹೋಗುತ್ತೇನೆ ಎಂದರೆ ಹೇಗಾಗಬೇಡ? ಆದರೂ ಆಧುನಿಕ ಅಪ್ಪನಾದ್ದರಿಂದ "ವೆರಿ ಗುಡ್" ಎಂದುಬಿಟ್ಟೆ. ವಿಮಾನ ಕಲಿಯಲು ಹೋಗುವವರು ಮೊದಲು ವೈದ್ಯರ ಕೈಯಲ್ಲಿ ಪಾಸಾಗಬೇಕಂತೆ. ರಕ್ತ, ಮೂತ್ರ, ಹೃದಯ, ಕಣ್ಣು ಎಲ್ಲವನ್ನೂ ನೋಡುತ್ತಾರೆ. ಪೆಡಲು ಎಟುಕಬೇಕಲ್ಲ, ಅದಕ್ಕೆ ಕಾಲಿನ ಉದ್ದವನ್ನೂ ಅಳೆಯುತ್ತಾರೆ. ನಾವು ಅವಳ ಕಾಲನ್ನು ಅಳೆಸಿದ್ದು ಸಲ್ವಾರ್ ಹೊಲಿಸುವಾಗ ಮಾತ್ರ. ಬಣ್ಣದ ಚುಕ್ಕೆಗಳ ನಡುವೆ ಅಡಗಿರುವ ಅಂಕಿಯನ್ನೂ ಓದಬೇಕಂತೆ. ನಿಧಿ ಮೊಬೈಲಿನಲ್ಲಿ ಅಂಥದೊಂದು ಚಿತ್ರ ತೋರಿಸಿದಾಗ ನಾನು ಪಟ್ಟನೆ ಓದಿ ಬೀಗಿದೆ. ಶೈಲಜ ರವೆ ಹುರಿಯುತ್ತಲೇ ಒಮ್ಮೆ ಇಣುಕಿ, "ಕನ್ನಡಕ ಇಲ್ದೆ ನಂಗೆ ಫೋನೇ ಕಾಣಲ್ಲ, ಅಂಕಿ ಎಲ್ಲಿಂದ ಬಂತು" ಎಂದಳು.

ನಮ್ಮ ಚಿಂತೆಯೆಲ್ಲ ಇದ್ದದ್ದು ನಿಧಿಯ ಎಡಗಿವಿಯದು. ಚಿಕ್ಕವಳಿದ್ದಾಗ ಆ ಕಿವಿ ಸೋರುತ್ತಿತ್ತು. ಪ್ರತಿ ಚಳಿಗಾಲವೂ ಹತ್ತಿ, ಔಷಧಿಯ ಹನಿ, ಅಳು. ಬೆಳೆಯುತ್ತಾ ವಾಸಿಯಾಯಿತು. ಆದರೆ ಒಳಗೆ ಏನು ಉಳಿದಿದೆಯೋ ಯಾರು ಕಂಡವರು? ಪರೀಕ್ಷೆಯಲ್ಲಿ ಒಂದು ಕಿವಿಯನ್ನು ಮುಚ್ಚಿಕೊಂಡು, ಡಾಕ್ಟರಿಗೆ ಬೆನ್ನು ಹಾಕಿ ದೂರದಲ್ಲಿ ನಿಲ್ಲಬೇಕು. ಅವರು ಪಿಸುಗುಟ್ಟಿದ್ದನ್ನು ತಿರುಗಿ ಹೇಳಬೇಕು. ಮನೆಯಲ್ಲೇ ಅಭ್ಯಾಸ ಮಾಡಿಸೋಣವೆಂದು ನಾನು ಬಾಲ್ಕನಿಯಲ್ಲಿ ನಿಂತೆ, ನಿಧಿ ಅಡುಗೆಮನೆಯ ಗೋಡೆಗೆ ಮುಖ ಮಾಡಿದಳು. ನಾನು ಪಿಸುಗುಟ್ಟಿದೆ. ಪಕ್ಕದ ಬಾಲ್ಕನಿಯಿಂದ ಮಿಸೆಸ್ ತ್ಯಾಗಿ ಬಗ್ಗಿ ನೋಡಿ, "ಭಾಯಿ ಸಾಬ್, ಕಿಸೇ ಬುಲಾ ರಹೇ ಹೋ?" ಎಂದು, ಯಾರನ್ನು ಕರೆಯುತ್ತಿದ್ದೀರೆಂದು ಕೇಳಿದರು. ನಿಧಿ ಗೋಡೆಯಿಂದ ತಿರುಗದೆಯೇ, "ಅಪ್ಪಾ, ಇದು ವಿಸ್ಪರ್ ಅಲ್ಲ, ಅನೌನ್ಸ್‌ಮೆಂಟ್" ಎಂದಳು. ಅಂತೂ ಅವಳ ಎಡಗಿವಿಯ ವಿಷಯ ಇತ್ಯರ್ಥವಾಗಲೇ ಇಲ್ಲ.

ಪರೀಕ್ಷೆಯ ದಿನ ಶೈಲಜ ಡಬ್ಬಿಯಲ್ಲಿ ಉಪ್ಪಿಟ್ಟು ತುಂಬಿಕೊಂಡಳು, ರಕ್ತ ಕೊಟ್ಟ ತಕ್ಷಣ ಮಗು ತಿನ್ನಲಿ ಎಂದು. ದಕ್ಷಿಣ ದೆಹಲಿಯ ಕ್ಲಿನಿಕ್ಕಿನಲ್ಲಿ ಬಿಳಿ ಮೀಸೆಯ ಡಾಕ್ಟರು, ವಾಯುಪಡೆಯಿಂದ ನಿವೃತ್ತರಾದವರು. ನಿಧಿ ಕಿವಿ ಸೋರುತ್ತಿದ್ದ ವಿಷಯವನ್ನು ತಾನಾಗಿಯೇ ಅವರಿಗೆ ಹೇಳಿಬಿಟ್ಟಳು. ನನಗೆ ಹೆಮ್ಮೆಯೂ ಆಯಿತು, ಇಷ್ಟೊಂದು ಸತ್ಯಸಂಧತೆ ಯಾರಿಂದ ಬಂತೆಂದು ಆಶ್ಚರ್ಯವೂ ಆಯಿತು. ಅವಳನ್ನು ಒಳಗೆ ಕರೆದು ಪರದೆ ಎಳೆದರು. ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಕೋಣೆ ಉದ್ದವಾಗಿದ್ದುದರಿಂದ ಡಾಕ್ಟರು ಆ ತುದಿಯಲ್ಲಿ ನಿಂತು, ನಿಧಿಯನ್ನು ಈ ತುದಿಗೆ, ಅಂದರೆ ನಮ್ಮ ಪರದೆಯ ಪಕ್ಕಕ್ಕೇ ನಿಲ್ಲಿಸಿದ್ದರು. ಇದು ನನಗೆ ಗೊತ್ತಾದದ್ದು ಆಮೇಲೆ.

ಒಳಗಿನಿಂದ ಏನೂ ಕೇಳಿಸದಿದ್ದಾಗ ನನಗೆ ತಡೆಯಲಾಗಲಿಲ್ಲ. "ಫೇಲಾದ್ರೆ ಆಗ್ಲಿ ಬಿಡು ಶೈಲಾ. ನೆಲದ ಮೇಲೆ ಮಾಡೋ ಕೆಲಸ ಬೇಕಾದಷ್ಟಿದೆ" ಎಂದೆ.

"ರೀ, ಮೆಲ್ಲಗೆ" ಎಂದಳು ಶೈಲಜ.

"ಇಲ್ಲಿ ಯಾರಿಗೆ ಅರ್ಥ ಆಗುತ್ತೆ?" ಎಂದು ನಾನು ಕೈ ಮುಗಿದೇಬಿಟ್ಟೆ. "ದೇವ್ರೇ, ಆ ಎಡಗಿವೀಲಿ ಸಣ್ಣದೇನಾದ್ರೂ ಸಿಗ್ಲಪ್ಪಾ. ಮಗು ಕಣ್ಣೆದುರಿಗೇ ಇರ್ಲಿ. ಅವಳು ಮೇಲಿದ್ದಷ್ಟು ಹೊತ್ತೂ ನಾನು ಕೆಳಗೆ ಹೇಗಿರ್ಲಿ?"

ಶೈಲಜ ಮುಖ ತಿರುಗಿಸಿಕೊಂಡಳು. ಉಪ್ಪಿಟ್ಟಿನ ಡಬ್ಬಿಯನ್ನು ಮಾತ್ರ ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ನಗಲಿಲ್ಲ. ನೇರ ನನ್ನ ಬಳಿಗೆ ಬಂದು ಹೆಗಲ ಮೇಲೆ ಕೈಯಿಟ್ಟು, "ಭಗವಾನ್ ನೇ ಆಪ್‌ಕೀ ಪ್ರಾರ್ಥನಾ ಸುನ್ ಲೀ" ಎಂದರು. ದೇವರು ನಿಮ್ಮ ಪ್ರಾರ್ಥನೆ ಕೇಳಿಸಿಕೊಂಡ. ವಾಯುಪಡೆಯವರು ಬೆಂಗಳೂರಿನಲ್ಲೂ ಇದ್ದು ಬಂದಿರಬಹುದು, ಕನ್ನಡವನ್ನೂ ಕಲಿತಿರಬಹುದು ಎಂಬುದು ನನಗಾಗ ಹೊಳೆಯಿತು. ಹಾಗಾದರೆ ನಿಧಿ ನಪಾಸು. ನಾನು ಬೇಡಿದ್ದೂ ಅದನ್ನೇ. ಆದರೆ ಸಂತೋಷ ಬರಲಿಲ್ಲ. ಬದಲಾಗಿ, ಪುಟ್ಟ ಹುಡುಗಿಯಾಗಿದ್ದಾಗ ಯಮುನೆಯ ಸೇತುವೆಯ ಮೇಲೆ ನನ್ನ ಸ್ಕೂಟರಿನಲ್ಲಿ ಮುಂದೆ ನಿಂತು, ಹೋಗುವ ಪ್ರತಿ ವಿಮಾನಕ್ಕೂ ಟಾಟಾ ಮಾಡುತ್ತಿದ್ದ ಅವಳ ಕೈ ನೆನಪಾಯಿತು. "ಸರ್, ಇನ್ನೊಮ್ಮೆ ನೋಡಿ, ಆ ಕಿವಿ ಚೆನ್ನಾಗೇ ಇದೆ" ಎಂದು ಕನ್ನಡದಲ್ಲೇ ಅಂಗಲಾಚಿದೆ.

ಡಾಕ್ಟರು ಏನೂ ಅರ್ಥವಾಗದೆ ನನ್ನನ್ನೇ ನೋಡಿದರು. ಅವರ ಹಿಂದಿನಿಂದ ಬಂದ ನಿಧಿ, "ಪಾಸ್, ಅಪ್ಪಾ. ದೋನೋಂ ಕಿವಿ" ಎಂದಳು. ಎರಡೂ ಕಿವಿ ಪಾಸು! ಶೈಲಜ ಅಲ್ಲೇ ಡಬ್ಬಿ ಬಿಚ್ಚಿ, ಡಾಕ್ಟರಿಗೂ ಒಂದು ಚಮಚ ಉಪ್ಪಿಟ್ಟು ಕೊಟ್ಟಳು.

ಮೆಟ್ಟಿಲಿಳಿಯುವಾಗ ಮೆತ್ತಗೆ ಕೇಳಿದೆ, ಡಾಕ್ಟರು ಹೇಳಿದ ಪ್ರಾರ್ಥನೆ ಯಾವುದೆಂದು. ನಿಧಿ ನನ್ನ ತೋಳು ಹಿಡಿದುಕೊಂಡಳು. "ಟೆಸ್ಟ್ ನಡೀತಾ ಇದ್ದಾಗ ಅವ್ರು ಕೇಳಿದ್ರು, ಬಾಹರ್ ಕೌನ್ ಬೋಲ್ ರಹಾ ಹೈ, ಹೊರಗೆ ಯಾರು ಮಾತಾಡ್ತಿರೋದು ಅಂತ. ನಾನು ಹೇಳಿದೆ, ನಮ್ಮಪ್ಪ, ಪ್ರೇ ಮಾಡ್ತಿದಾರೆ, ನಾನು ಪಾಸ್ ಆಗ್ಲಿ ಅಂತ."

"ನಿಂಗೆ ಎಷ್ಟು ಕೇಳಿಸ್ತು?"

"ಪೂರಾ. ಲೆಫ್ಟ್ ಕಿವೀಲಿ. ರೈಟ್ ಕಿವಿ ಕ್ಲೋಸ್ ಮಾಡಿದ್ದೆ."

ಸರಿಯಾಗಿ ಕನ್ನಡ ಮಾತಾಡಲು ಬರುವುದಿಲ್ಲವೆಂದು ನಾನು ಸದಾ ಬೈಯುವ ಹುಡುಗಿ ಇವಳೇ. ನನ್ನ ಕನ್ನಡವನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡವರು, ಅದಕ್ಕಿಂತ ಚೆನ್ನಾಗಿ ಬದಲಾಯಿಸಿ ಹೇಳಿದವರು ಇನ್ನೊಬ್ಬರಿಲ್ಲ.

ಇನ್ನೊಂದು ದೊಡ್ಡ ವೈದ್ಯಕೀಯ ಪರೀಕ್ಷೆ ಬಾಕಿ ಇದೆ. ಅದಕ್ಕೆ ಒಬ್ಬಳೇ ಹೋಗುತ್ತಾಳಂತೆ. "ನೀವು ಮನೇಲೇ ಕೂತು ಪ್ರೇ ಮಾಡಿ" ಎಂದಿದ್ದಾಳೆ. ಅವಳು ಡಾಕ್ಟರಿಗೆ ಹೇಳಿದ ಪ್ರಾರ್ಥನೆಯನ್ನೇ ದಿನವೂ ಮಾಡುತ್ತಿದ್ದೇನೆ. ಮಧ್ಯೆ ಒಮ್ಮೊಮ್ಮೆ ನನ್ನದೂ ನುಸುಳಿಬಿಡುತ್ತದೆ. ದೇವರೂ ನಿಧಿಯ ಹಾಗೆಯೇ ತರ್ಜುಮೆ ಮಾಡಿಕೊಂಡರೆ ಸಾಕು.