ರಾಣಿಗೆ ಮೀಸೆ ಬೇಕಂತೆ

ತೊಂಬತ್ತರ ದಶಕದ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ, ಮಸ್ಕಿ ಬಸ್ ನಿಲ್ದಾಣ. ಹಾಜರಿದ್ದವರು: ನಿವೃತ್ತ ಡ್ರಿಲ್ ಮಾಸ್ತರನಾದ ನಾನು, ನೆರೆಮನೆಯ ಅಮರಪ್ಪ. ಗೈರುಹಾಜರು: ಅಮರಪ್ಪನ ಮೀಸೆ. ಹಾಜರಿ ಕೂಗದೆ ಯಾವ ಕೆಲಸವನ್ನೂ ಶುರು ಮಾಡಲಾಗದ ರೋಗ ನನಗಿದೆ. ಊಟಕ್ಕೆ ಕೂತರೂ ಪಲ್ಯ ಬಂತೇ, ಸಾರು ಬಂತೇ ಎಂದು ಕೂಗುತ್ತೇನೆಂದು ನನ್ನ ಹೆಂಡತಿಯ ದೂರು.

ಅಮರಪ್ಪ ಹರೆಯದಿಂದ ಬಯಲಾಟದಲ್ಲಿ ಹೆಣ್ಣುವೇಷ ಕಟ್ಟಿದವನು. ಅವನ ರಾಣಿ ಪಾತ್ರ ಲಿಂಗಸುಗೂರಿನ ತನಕ ಹೆಸರುವಾಸಿ. ನೋಡದೆ ಉಳಿದವಳು ಅವನ ಹೆಂಡತಿ ನೀಲಮ್ಮ ಒಬ್ಬಳೇ. ತನ್ನ ಗಂಡ ಊರ ಮುಂದೆ ಇನ್ನೊಬ್ಬನ ಹೆಂಡತಿಯಾಗುವುದನ್ನು ಕೂತು ನೋಡಲು ಅವಳಿಗೆ ನಾಚಿಕೆ. ಈಗ ಅವಳು ಹಾಸಿಗೆ ಹಿಡಿದಿದ್ದಳು. ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟಿದ್ದರು. ಅಷ್ಟರಲ್ಲಿ ಸುದ್ದಿ ಬಂತು: ನಮ್ಮ ಕಡೆಯ ಹೆಣ್ಣುವೇಷದವರ ಮೇಲೆ ಟಿವಿಯಲ್ಲಿ ನಗೆ ಧಾರಾವಾಹಿ ಬರುತ್ತದಂತೆ, ಸಿಂಧನೂರಿನ ಲಾಡ್ಜಿನಲ್ಲಿ ಪಾತ್ರಧಾರಿಗಳನ್ನು ಆರಿಸುತ್ತಾರಂತೆ.

"ಟಿವಿಯಾಗ ಬಂದ್ರ ನೋಡ್ತೀನ್ರಿ. ಮಕ್ಕೊಂಡೇ ನೋಡಬೌದಲ್ಲ," ಎಂದಳು ನೀಲಮ್ಮ. ನಮ್ಮ ಮನೆಯ ಟಿವಿಯನ್ನು ತಂದು ಅವಳ ಮಂಚದೆದುರು ಇಡಲು ನಾನು ಅಂದೇ ಸ್ಟೂಲು ಗೊತ್ತುಮಾಡಿದೆ. ಆಟ ಬಿಟ್ಟ ಮೇಲೆ ಬೆಳೆಸಿದ್ದ ಮೀಸೆಯನ್ನು ಅಮರಪ್ಪ ಬೋಳಿಸಿದ.

ನಮ್ಮ ಕಡೆ ಗಂಡಸು ಮೀಸೆ ತೆಗೆಯುವುದು ತಂದೆತಾಯಿ ತೀರಿಕೊಂಡಾಗ. ಬಸ್ಸಿನಲ್ಲಿ ಕಂಡಕ್ಟರು ದನಿ ತಗ್ಗಿಸಿ, "ಯಾರು ತೀರ್ಕೊಂಡ್ರಣ್ಣ?" ಎಂದ.

"ಯಾರೂ ಇಲ್ಲಪ. ರಾಣಿ ಆಗಾಕ ಹೊಂಟೀನಿ."

ದುಃಖ ತಲೆಗೇರಿದೆ ಎಂದುಕೊಂಡನೋ ಏನೋ, "ಇವರನ್ನ ಕಿಡಕಿ ಬಾಜೂಕ ಕುಂದ್ರಸ್ರಿ, ಗಾಳಿ ಬರ್ಲಿ," ಎಂದು ನನಗೆ ಹೇಳಿ ಮುಂದೆ ಹೋದ.

ಲಾಡ್ಜಿನಲ್ಲಿ ಅಮರಪ್ಪ ಸೀರೆಯುಟ್ಟು, ಸೆರಗು ಹೊದ್ದು ನಡೆದುಬಂದ. ಆರಿಸಲು ಬಂದಿದ್ದ ಬೆಂಗಳೂರಿನವರು ತಲೆ ಕೆರೆದುಕೊಂಡು, "ಯಜಮಾನ್ರೇ, ನೀವು ನಿಜವಾಗ್ಲೂ ಹೆಂಗಸಿನ ಥರಾನೇ ಕಾಣ್ತೀರಿ. ಜನ ನಗಬೇಕಲ್ವಾ? ಮೀಸೆ ಇದ್ದಿದ್ರೆ ಚೆನ್ನಾಗಿರ್ತಿತ್ತು," ಎಂದರು. ಅವರ ಕತೆಯಲ್ಲಿ ಹೆಣ್ಣುವೇಷದವರ ಕೆಲಸ ಸೀರೆ ಎಡವಿ ಬೀಳುವುದು.

"ಬೆಳಸ್ಲೇನ್ರಿ?" ಎಂದ ಅಮರಪ್ಪ.

ಅವರು ಆಗಲೇ ಮುಂದಿನವನನ್ನು ಕರೆದಿದ್ದರು.

ಸಂಜೆ ನಾವು ಒಳಗೆ ಕಾಲಿಡುತ್ತಲೇ ನೀಲಮ್ಮ, "ಏನಂದ್ರು?" ಎಂದಳು.

"ಬಾಳ ಚೆಂದ ಕಾಣ್ತೀರಿ, ಬ್ಯಾಡ ಅಂದ್ರು ನೋಡು."

ಅವಳು ಕೆಮ್ಮು ಬರುವ ತನಕ ನಕ್ಕಳು. ಆಮೇಲೆ, "ನಾ ನೋಡ್ತೀನಿ, ಉಟ್ಕೋರಿ. ಪೆಟಿಗ್ಯಾಗ ಹಸರ ಸೀರಿ ಐತಿ. ಮಾಸ್ತರ್ರ, ನೀವೂ ಕುಂದ್ರಿ. ಆಟ ಅಂದ್ಮ್ಯಾಲ ಮಂದಿ ಬೇಕು," ಎಂದಳು.

ಅಮರಪ್ಪ ಉಟ್ಟು ಬಂದು ಮಂಚದ ಬಳಿ ನಿಂತ. ಅವಳು ಬಹಳ ಹೊತ್ತು ನೋಡಿದಳು. ಹತ್ತಿರ ಕರೆದು, ಮಲಗಿದಲ್ಲಿಂದಲೇ ಒಂದು ನೆರಿಗೆ ತಿದ್ದಿದಳು.

"ಇದನ್ನ ನಾ ಹೋದಾಗ ಕಡೀಕ ನನಗ ಉಡಸಾಕಂತ ಇಟ್ಟಿದ್ನಿ. ಬ್ಯಾಡ ಬಿಡ್ರಿ. ನಿಮಗ ಒಪ್ಪೈತಿ."

ಹಾಗೆಯೇ ಕಣ್ಣುಮುಚ್ಚಿ, ಸಣ್ಣಗೆ ಗೊರಕೆ ಹೊಡೆಯುತ್ತ ನಿದ್ದೆಹೋದಳು.

ಅಮರಪ್ಪ ಸೀರೆ ಬಿಚ್ಚಿ ಬಂದ ಮೇಲೆ ಉಳಿದದ್ದು ಅದನ್ನು ಮಡಚುವ ಕೆಲಸ. ಒಂದು ತುದಿ ಅಮರಪ್ಪ ಹಿಡಿದ, ಒಂದು ತುದಿ ನಾನು. ಮಡಚುತ್ತ ಎದುರುಬದುರಾಗಿ ನಡೆದು ಬಂದೆವು. ಎದುರಾದಾಗ ಅವನ ಮುಖ ನೋಡಬೇಕಾಗುತ್ತದಲ್ಲ. ಮಡಿಕೆ ಸೊಟ್ಟಗಿದೆ, ಇನ್ನೊಮ್ಮೆ ಆಗಲಿ ಎಂದು ಗದರಿ ಬಿಡಿಸಿದೆ. ಮಡಿಕೆ ನೆಟ್ಟಗೇ ಇತ್ತು. ಎರಡನೆಯ ಸಲ ಮಡಚಿ, ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿದೆವು.