ಕೌದಿಗೆಂದು ನೆನೆಸಿಟ್ಟ ಬಟ್ಟೆ

ಕೌದಿ ಹೊಲಿಯುವವರ ಮನೆಯಲ್ಲಿ ಯಾವ ಬಟ್ಟೆಗೂ ನೆಮ್ಮದಿಯ ಮುಪ್ಪಿಲ್ಲ, ಆ ಮನೆಯ ಮಂದಿಗಂತೂ ಮೊದಲೇ ಇಲ್ಲ. ತೊಂಬತ್ತರ ದಶಕದಲ್ಲಿ ನಾವು ಅಹಮದಾಬಾದಿನ ಮಣಿನಗರದಲ್ಲಿದ್ದೆವು. ನಮ್ಮನೆಯವರಿಗೆ ವಿಮಾ ಕಚೇರಿಯಲ್ಲಿ ಕೆಲಸ. ವಡೋದರಾದಲ್ಲಿದ್ದ ನನ್ನ ನಾದಿನಿ ಚೊಚ್ಚಲ ಬಸುರಿ ಅಂತ ತಿಳಿದದ್ದೇ ತಡ, ಧಾರವಾಡದಿಂದ ಅತ್ತೆ ಬಂದಿಳಿದರು. ಟ್ರಂಕಿನಲ್ಲಿ ತೀರಿಹೋದ ಅವರವ್ವನ ಇಳಕಲ್ ಸೀರೆ.

"ತೊಟ್ಟಿಲದಾಗ ಕೂಸಿನ ಮೈಗೆ ಮೊದಲು ನಮ್ಮವ್ವನ ಸೀರಿನ ತಾಗಬೇಕು" ಅಂದರು. ಕೂಸಿಗೆ ಹೊಲಿಯುವ ಕೌದಿಯ ಮೇಲ್ಪದರಕ್ಕೆ ಆ ಸೀರೆ. ಒಳಪದರಕ್ಕೂ ಅಂಚಿಗೂ ಬಟ್ಟೆ ಹೊಂದಿಸಿ ತೊಳೆಯುವುದು ನನ್ನ ಹಣೆಬರಹ.

ಸೂರತ್ತಿನ ಕೆಂಪು

ಸೂರತ್ತಿನ ಪಾಂಡೇಸರಾದಲ್ಲಿ ಬಣ್ಣದ ಗಿರಣಿಯೊಂದರಲ್ಲಿದ್ದ ನನ್ನ ತಮ್ಮ ಅಂಚಿಗೆಂದು ಒಂದು ಗಂಟು ಕೆಂಪು ತುಂಡುಬಟ್ಟೆ ತಂದುಕೊಟ್ಟ. ಹೊಸ ಬಟ್ಟೆಯ ಹಠ ಮೊದಲೇ ಬಿಡಿಸಬೇಕು, ಇಲ್ಲವಾದರೆ ಹೊಲಿದ ಮೇಲೆ ಮುದುಡಿ ಮಾನ ಕಳೀತದ ಅನ್ನುವುದು ಅತ್ತೆಯ ಕಾಯಿದೆ. ಬಾಲ್ಕನಿಯಲ್ಲಿ ನೆನೆಸಿದೆ, ಕುಸುಬಿದೆ, ನೀರು ಚೆಲ್ಲಿದೆ. ಹಠ ಬಿಟ್ಟಿತೋ ಇಲ್ಲವೋ, ಬಣ್ಣವಂತೂ ಧಾರಾಳವಾಗಿ ಬಿಟ್ಟಿತು. ಅದೆಲ್ಲ ಕೊಳವೆಯಿಂದಿಳಿದು, ಕೆಳಗಿನ ಮನೆಯ ಗುಜರಾತಿ ಬೆಹನ್ ಅಂಗಳದಲ್ಲಿ ಒಣಹಾಕಿದ್ದ ಗಂಡನ ಬಿಳಿ ಜುಬ್ಬಾದ ಮೇಲೆ ಬಿತ್ತು.

ಕೈಮುಗಿದುಕೊಂಡೇ ಕೆಳಗೆ ಓಡಿದೆ. ಆಕೆ ಜುಬ್ಬಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಒಂದು ತೋಳು ಬೆಳ್ಳಗೇ ಉಳಿದಿದೆ. ಬಕೆಟ್ಟಲ್ಲಿ ಇನ್ನೂ ನೀರಿದ್ದರೆ ಅದನ್ನೂ ಸುರಿ" ಅಂದಳು.

ಇಡ್ಲಿಯ ವಾಸನೆ

ಒಳಪದರಕ್ಕೆ ಮೆತ್ತನೆಯ ಬಟ್ಟೆ ಬೇಕಿತ್ತು. ಸ್ಟೇಷನ್ ಹತ್ತಿರ ಹೋಟೆಲಿಟ್ಟಿದ್ದ ಉಡುಪಿಯ ಭಟ್ಟರು, "ನಮ್ಮ ಹಳೇ ಇಡ್ಲಿ ಬಟ್ಟೆ ಉಂಟು, ಕೊಂಡ್ಹೋಗಿ ಮಾರಾಯ್ರೆ. ಹಬೆ ಕುಡಿದು ಕುಡಿದು ಬೆಣ್ಣೆಯಾಗಿದೆ" ಅಂದರು. ಬೆಣ್ಣೆಯೇನೋ ಹೌದು. ಆದರೆ ಸೋಡಾದಲ್ಲಿ ಕುದಿಸಿದೆ, ನಿಂಬೆ ಹಿಂಡಿದೆ, ಬಿಸಿಲಿಗೆ ಹರವಿದೆ, ಹುಳಿಹಿಟ್ಟಿನ ವಾಸನೆ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಸಂಜೆ ಕಚೇರಿಯಿಂದ ಬಂದ ನಮ್ಮನೆಯವರು ಮೂಗರಳಿಸಿ, ಕೈಕಾಲು ತೊಳೆದು ನೇರ ಊಟದ ಮಣೆಯ ಮೇಲೆ ಕೂತರು. "ಇಡ್ಲಿ ಇಲ್ಲರೀ, ಅದು ಬಟ್ಟಿ" ಅಂದೆ.

"ಚಟ್ನಿನಾದ್ರೂ ಮಾಡೀಯಿಲ್ಲೋ?" ಅಂದರು.

ಪಾತ್ರೆ ಬುಟ್ಟಿಯಾಕೆ

ನಗುವುದೆಲ್ಲ ಅಲ್ಲಿಗೆ ನಿಂತಿತು. ಅಲ್ಲಿಯ ಓಣಿಗಳಲ್ಲಿ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತ ಹೆಂಗಸರು ಬರುತ್ತಾರೆ. ಹಳೇ ಬಟ್ಟೆ ಕೊಟ್ಟರೆ ಪಾತ್ರೆ. ಅತ್ತೆ ಆ ಇಳಕಲ್ ಸೀರೆಯನ್ನು ಅಂಟುವಾಳದಲ್ಲಿ ತಾವೇ ತೊಳೆದು, ಮಡಚಿ ಕುರ್ಚಿಯ ಮೇಲಿಟ್ಟಿದ್ದರು. ನಾವಿಬ್ಬರೂ ಕಾಯಿಪಲ್ಯ ತರಲು ಹೋಗಿ ಬರುವಷ್ಟರಲ್ಲಿ ನಮ್ಮನೆಯವರು ಕೈಯಲ್ಲೊಂದು ಡಬ್ಬಿ ಹಿಡಿದು ಬೀಗುತ್ತ ನಿಂತಿದ್ದರು. "ಆ ಹರಕು ಸೀರಿಗೆ ಮುಚ್ಚಳದ ಡಬ್ಬಿ! ಹೆಂಗ ಚೌಕಾಶಿ ಮಾಡೀನಿ ನೋಡು."

ಅತ್ತೆ ಅಲ್ಲೇ ಕುಸಿದು ಕೂತರು. "ನಮ್ಮವ್ವಂದಂತ ಇದ್ದದ್ದು ಅದೊಂದ" ಅಂದರು. ಕಚೇರಿಗೆ ಹೊರಟಿದ್ದ ಗಂಡನನ್ನು ಸಫಾರಿ ಸೂಟಿನಲ್ಲೇ ಎಳೆದುಕೊಂಡು ಓಣಿ ಓಣಿ ಹುಡುಕಿದೆವು. ಸ್ಟೇಷನ್ ಮುಂದಿನ ಬೇವಿನ ನೆರಳಲ್ಲಿ ಸಿಕ್ಕಳು ಪುಣ್ಯಾತಗಿತ್ತಿ.

ಡಬ್ಬಿ ವಾಪಸ್ ಕೊಡಹೋದರೆ ಒಲ್ಲೆ ಅಂದಳು. ಬೆಳಗಿನ ಬೋಣಿ, ಅದನ್ನು ತಿರುಗಿಸಿದರೆ ದಿನವೇ ಕೆಡುತ್ತದಂತೆ. ರೊಕ್ಕವೂ ಬೇಡ. ಬಟ್ಟೆಗೆ ಬಟ್ಟೆ ಕೊಟ್ಟರೆ ಮಾತ್ರ ಸೀರೆ. ಹೀಗೆ ಹೇಳುತ್ತ ಆಕೆಯ ಕಣ್ಣು ಸಫಾರಿಯ ಅಂಗಿಯ ಮೇಲೆ ನಿಂತಿತು. ಅತ್ತೆಗೆ ಗುಜರಾತಿ ಬಾರದು, ಆದರೆ ಆ ನೋಟ ತಿಳಿಯಿತು.

"ಬಿಚ್ಚೋ ತಮ್ಮಾ."

"ಅವ್ವಾ, ಆಫೀಸ್ ಅದ..."

"ನಿನ್ನ ಆಫೀಸನ್ನ ತೊಟ್ಟಿಲದಾಗ ಹಾಸಲಿಕ್ಕೆ ಬರ್ತದೇನು? ಬಿಚ್ಚು."

ಬಿಚ್ಚಿದರು. ಆಕೆ ಅಂಗಿಯನ್ನು ಬಿಸಿಲಿಗೆ ಹಿಡಿದು, ಹೊಲಿಗೆ ಜಗ್ಗಿ ನೋಡಿ, ಸೀರೆ ಕೊಟ್ಟಳು. ಅಂಗಿ ಗಟ್ಟಿಯಿದೆ ಅಂತ ಮೇಲೊಂದು ಚಮಚವನ್ನೂ ಕೊಟ್ಟಳು. ನಮ್ಮನೆಯವರು ಬನಿಯನ್ನಿನಲ್ಲೇ ಮನೆಗೆ ನಡೆದರು.

ವಡೋದರಾದಲ್ಲಿ ತೊಟ್ಟಿಲ ಶಾಸ್ತ್ರದ ದಿನ ಹೆಂಗಸರೆಲ್ಲ ಕೌದಿ ಮುಟ್ಟಿ ಮುಟ್ಟಿ ನೋಡಿದರು. ಅತ್ತೆ ಒಂದೊಂದೇ ಪದರ ತೋರಿಸಿದರು: "ಇದು ನಮ್ಮವ್ವನ ಸೀರಿ. ಅಂಚು ಸೂರತ್ತಿಂದು. ಒಳಗಿರೋದು ಇಡ್ಲಿ ಬಟ್ಟಿ."

ಆಮೇಲೆ ಕೂಸಿನ ಬಾಯಿಗೆ ಜೇನು ಮುಟ್ಟಿಸಿ, ಕೈಯಲ್ಲಿದ್ದ ಚಮಚ ಎತ್ತಿ ಹಿಡಿದು, "ಇದು ನನ್ನ ಮಗನ ಅಂಗಿ" ಅಂದರು.